ಹಿಮ್ಮೇಳದವರ ಹೆಸರೂ ಇರಲಿ

ಅಮೆರಿಕದ ‘ಅಲಬಾಮಾ’ ಎಂಬ ಕಂಟ್ರಿ ಸಂಗೀತ ತಂಡ ಒಮ್ಮೆ ವಿದಾಯ ಹೇಳಿ, ಮತ್ತೆ ಕೂಡಿ, 2015ರಲ್ಲಿ ‘ಸದರ್ನ್ ಡ್ರಾಲ್’ ಎಂಬ ಹೊಸ ಆಲ್ಬಂ ತಂದಿತು. ಅಲ್ಲಿ ಅದು ದೊಡ್ಡ ಸುದ್ದಿ. ನಮ್ಮ ಕೊಳ್ಳೇಗಾಲ ಸೀಮೆಯಲ್ಲಿ ಮೇಳಗಳು ವರ್ಷವೂ ಕೂಡುತ್ತವೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಗದ್ದುಗೆಗೆ ತಂಬೂರಿ ಹೊತ್ತು, ಕತೆ ಹಾಡುವ ನೀಲಗಾರರು ಬರುತ್ತಾರೆ. ಶಿವರಾತ್ರಿ, ದೀಪಾವಳಿ ಬಂತೆಂದರೆ ಹನೂರಿನ ದಾರಿ ಹಿಡಿದು ಕಂಸಾಳೆಯವರು ಮಾದಪ್ಪನ, ಎಂದರೆ ಮಲೆ ಮಾದೇಶ್ವರನ, ಬೆಟ್ಟ ಹತ್ತುತ್ತಾರೆ. ಅದು ಸುದ್ದಿಯಾಗಬೇಕಿಲ್ಲ. ಆದರೆ ಇದೇ ಮೇಳ ಸ್ಟುಡಿಯೋ ಹೊಕ್ಕಾಗ ಆಗುವ ಗತಿಯ ಬಗ್ಗೆ ನಮ್ಮ ತಕರಾರಿದೆ.

ಕಂಸಾಳೆ ಮೇಳದಲ್ಲಿ ಕತೆ ನಡೆಸುವವರು ಒಬ್ಬರು. ಅವರ ಕೈಯಲ್ಲಿ ಕಂಚಿನ ಜೋಡಿ: ಒಂದು ಬಟ್ಟಲು, ಇನ್ನೊಂದು ಗೊಂಡೆ ಕಟ್ಟಿದ ಚಪ್ಪಟೆ ತಾಳ. ಪಕ್ಕದಲ್ಲಿ ದಮ್ಮಡಿಯವರು, ಏಕತಾರಿಯವರು. ಮುಂದಾಳು ಒಂದು ನುಡಿ ಎತ್ತಿಕೊಟ್ಟರೆ ಹಿಮ್ಮೇಳ ಸೊಲ್ಲು ಹಿಡಿದು ಎಳೆಯುತ್ತದೆ. ಅಷ್ಟರಲ್ಲಿ ಮುಂದಾಳಿಗೆ ಉಸಿರು ದಕ್ಕುತ್ತದೆ, ಮುಂದಿನ ನುಡಿ ನಾಲಿಗೆಗೆ ಬರುತ್ತದೆ. ಪುಸ್ತಕದ ಹಂಗಿಲ್ಲದೆ ಮಾದಪ್ಪನ ಕತೆಯ ಭಾಗಗಳಾದ ಸಂಕಮ್ಮನ ಸಾಲನ್ನೋ ಬೇವಿನಹಟ್ಟಿ ಕಾಳಮ್ಮನ ಸಾಲನ್ನೋ ಬೆಳಗಿನವರೆಗೂ ಹಾಡಲು ಆಗುವುದು ಹೀಗೆ. ಹಿಮ್ಮೇಳ ಕಿತ್ತರೆ ಕತೆ ಕಟ್ಟುವ ಕೆಲಸವೇ ನಿಲ್ಲುತ್ತದೆ.

ಕ್ಯಾಸೆಟ್ ಬಂದಾಗ ಕತೆಯನ್ನು ಅದರ ಎರಡು ಬದಿಗೆ ಹೊಂದುವಂತೆ ಕತ್ತರಿಸಿದ್ದಾಯಿತು. ಈಗ ನಾಲ್ಕೈದು ನಿಮಿಷ ಸಾಕು. ದಮ್ಮಡಿಯ ಜಾಗಕ್ಕೆ ರಿದಂ ಪ್ಯಾಡ್, ಸೊಲ್ಲಿನವರ ಜಾಗಕ್ಕೆ ಕೀಬೋರ್ಡು. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರ ಬಂದ ಮೇಲಂತೂ ಮಾದಪ್ಪನ ಹಾಡಾದ ‘ಸೋಜುಗಾದ ಸೂಜುಮಲ್ಲಿಗೆ’ ಮನೆಮನೆಯ ಹಾಡಾಯಿತು. ಸಂತೋಷವೇ. ಅದನ್ನು ಗುನುಗುವ ಎಷ್ಟು ಮಂದಿ ಮಾದಪ್ಪನ ಕತೆಯ ಒಂದು ಇಡೀ ಸಾಲು ಕೇಳಿದ್ದಾರು?

ಈ ವಿಷಯದಲ್ಲಿ ಪುಸ್ತಕದವರೇ ವಾಸಿ. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಲೆ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ ಪ್ರಕಟಿಸಿದಾಗ, ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಎಂದು ಶೀರ್ಷಿಕೆಯಲ್ಲೇ ಹೇಳಿತು. ಅಚ್ಚಿನವರು ತೋರಿದ ಈ ಮರ್ಯಾದೆಯನ್ನು ಧ್ವನಿಮುದ್ರಣದವರು ಯಾಕೆ ತೋರಬಾರದು? ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಕುಣಿದು ಹಾಡುವ ಗೊರುಕನಕ್ಕಂತೂ ಗುಂಪೇ ಗಾಯಕ. ಅಲ್ಲಿ ಒಬ್ಬರ ಮುಂದೆ ಮೈಕು ಹಿಡಿದರೆ ಹಾಡಿಗೇ ಅನ್ಯಾಯ.

ಚದುರಿದ ಮೇಳವನ್ನು ಮತ್ತೆ ಕೂಡಿಸಿ ಹೊಸದಾಗಿ ಹಾಡಿಸಲು ಹೊರಟವರಿಗೆ ನಮ್ಮ ಬೆಂಬಲವಿದೆ. ಓದುಗರಲ್ಲೂ ಒಂದು ವಿನಂತಿ. ಜಾತ್ರೆಯಲ್ಲಿ ಮೊಬೈಲು ಎತ್ತುವ ಮೊದಲು ಹಾಡುವವರ ಒಪ್ಪಿಗೆ ಕೇಳಿ, ಎತ್ತಿದ ಮೇಲೆ ಸಾಲು ಮುಗಿಯುವ ತನಕ ಕೂತುಕೊಳ್ಳಿ. ಹಂಚಿಕೊಳ್ಳುವಾಗ ದಮ್ಮಡಿಯವರ, ಏಕತಾರಿಯವರ ಹೆಸರನ್ನೂ ಊರನ್ನೂ ಕೇಳಿ ಬರೆಯಿರಿ.