ಆರೋಗ್ಯ ಸಲಹೆ: ವರದಿ ಪಾಸಿಟಿವ್ ಬಂದರೆ...

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ರಕ್ತ ಪರೀಕ್ಷೆಯಲ್ಲಿ ‘ಎಚ್‌ಬಿಎಸ್‌ಎಜಿ ಪಾಸಿಟಿವ್’ ಎಂದು ಬಂದಿದೆ. ನನಗೆ ಯಾವ ತೊಂದರೆಯೂ ಇಲ್ಲ. ಆದರೆ ಮನೆಯಲ್ಲಿ ನನ್ನ ತಟ್ಟೆ, ಲೋಟ ಬೇರೆ ಮಾಡಿದ್ದಾರೆ. ಮಗುವಿಗೆ ಎದೆಹಾಲು ಕೊಡಬಾರದು ಎನ್ನುತ್ತಾರೆ. ಏನು ಮಾಡಲಿ?
- ಓರ್ವ ಸಹೋದರಿ

ಉತ್ತರ: ಗಾಬರಿಯಾಗಬೇಡಿ. ಹೆಪಟೈಟಿಸ್ ಬಿ ವೈರಸ್ ನಿಮ್ಮ ದೇಹದಲ್ಲಿದೆ ಎಂಬುದಷ್ಟೇ ಈ ವರದಿಯ ಅರ್ಥ. ಯಕೃತ್ತು ಹಾಳಾಗಿದೆ ಎಂದಲ್ಲ. ಯಕೃತ್ತಿನ ಸ್ಥಿತಿ ತಿಳಿಯಲು ಎಲ್‌ಎಫ್‌ಟಿ, ವೈರಸ್‌ನ ಪ್ರಮಾಣ ತಿಳಿಯಲು ಡಿಎನ್‌ಎ ಪರೀಕ್ಷೆ ಮಾಡಿಸಿರಿ. ಪ್ರಮಾಣ ಹೆಚ್ಚಿದ್ದರೆ ವೈದ್ಯರು ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಆರು ತಿಂಗಳ ನಂತರವೂ ವರದಿ ಪಾಸಿಟಿವ್ ಇದ್ದರೆ ಅದು ದೀರ್ಘಕಾಲದ ಸೋಂಕು. ಆಗ ತೊಂದರೆ ಇಲ್ಲದಿದ್ದರೂ ನಿಯಮಿತ ತಪಾಸಣೆ ಬಿಡಬಾರದು.

ಈ ವೈರಸ್ ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ. ಜೊತೆಯಲ್ಲಿ ಉಣ್ಣುವುದರಿಂದ ಹರಡುವುದಿಲ್ಲ. ತಟ್ಟೆ ಬೇರೆ ಮಾಡಬೇಕಾಗಿಲ್ಲ. ಬ್ಲೇಡ್, ಟೂತ್‌ಬ್ರಷ್ ಮಾತ್ರ ಬೇರೆ ಇರಲಿ.

ಪತಿ ಮತ್ತು ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳಲಿ. ಅವರ ವರದಿಯಲ್ಲಿ ‘ಆಂಟಿ ಎಚ್‌ಬಿಎಸ್’ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಒಳ್ಳೆಯ ಸುದ್ದಿ, ಅವರಿಗೆ ರಕ್ಷಣೆಯಿದೆ. ರಕ್ಷಣೆಯೂ ಇಲ್ಲ, ಸೋಂಕೂ ಇಲ್ಲ ಎಂದಾದರೆ ಲಸಿಕೆ ಹಾಕಿಸಿಕೊಳ್ಳಬೇಕು.

ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಈ ವರದಿಯನ್ನು ಮೊದಲೇ ತೋರಿಸಿರಿ. ಹುಟ್ಟಿದ 12 ಗಂಟೆಗಳೊಳಗೆ ಮಗುವಿಗೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಸಿಗಬೇಕು. ಉಳಿದ ಲಸಿಕೆಗಳನ್ನೂ ತಪ್ಪಿಸಬೇಡಿ. ಎದೆಹಾಲನ್ನು ಧಾರಾಳವಾಗಿ ಕೊಡಿರಿ.