ಬಾಳೆಹಣ್ಣು ಇರಲಿ, ಪಾಸ್‌ಬುಕ್ ನೋಡೋಣ

ಕಳೆದ ವರ್ಷ ನಮ್ಮ ಕಾಲೇಜಿನಿಂದ ಇಪ್ಪತ್ತು ಜನ ವಿದ್ಯಾರ್ಥಿನಿಯರು ಜಿಲ್ಲೆಯ ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆವು. ಬಾಳೆಹಣ್ಣು, ಬಿಸ್ಕತ್ತು ಹಂಚಿದೆವು. ಎಲ್ಲರನ್ನೂ ಸಾಲಾಗಿ ಕೂರಿಸಿ ಫೋಟೋ ತೆಗೆದೆವು. ನಾನು ಹಣ್ಣು ಕೊಡಲು ಹೋದಾಗ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಹಣ್ಣ ಇರಲಿ ಯವ್ವಾ. ನಾಕ ತಿಂಗಳಾತು, ನನ್ನ ಪಗಾರ ಬಂದಿಲ್ಲ. ಯಾರನ್ನ ಕೇಳಬೇಕು?" ಎಂದರು. ಪಗಾರ ಎಂದರೆ ಅವರ ವೃದ್ಧಾಪ್ಯ ವೇತನ. ನನಗೆ ಉತ್ತರ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಕರೆದರು. ಹೊರಟು ಬಂದೆ.

ನಾನು ವಾಣಿಜ್ಯ ವಿಭಾಗದವಳು. ಬಸ್ಸಿನಲ್ಲಿ ಕೂತಾಗ ನನಗೆ ಹೊಳೆದದ್ದು ಇಷ್ಟು: ನಾವು ಕೊಟ್ಟದ್ದಕ್ಕೆ ಬಿಲ್ಲು ಸಮೇತ ಲೆಕ್ಕ ಇಟ್ಟಿದ್ದೆವು. ಅವರಿಗೆ ಬರಬೇಕಾದದ್ದರ ಲೆಕ್ಕವನ್ನು ಯಾರೂ ಕೇಳಿರಲಿಲ್ಲ.

ಬರಬೇಕಾದದ್ದು ಏನು? 65 ವರ್ಷ ದಾಟಿದ ಅರ್ಹ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ. ಆದರೆ ಹಿರಿಯರು ಆಶ್ರಮಕ್ಕೆ ಬಂದರೂ ಪಾಸ್‌ಬುಕ್ ಊರಿನ ಮನೆಯಲ್ಲೇ ಉಳಿದಿರಬಹುದು. ಆಧಾರ್‌ನಲ್ಲಿ ಹಳೆಯ ವಿಳಾಸವೇ ಇರಬಹುದು. ದುಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗದಿರಬಹುದು. ಇವೆಲ್ಲ ಚಿಕ್ಕ ತೊಡಕುಗಳು. ಹಾಸಿಗೆ ಹಿಡಿದವರಿಗೆ ಮಾತ್ರ ಇವೇ ಬೆಟ್ಟ.

ಇನ್ನೊಂದು, 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಇದರ ಪ್ರಕಾರ 60 ದಾಟಿದವರು ತಮ್ಮನ್ನು ತಾವು ನೋಡಿಕೊಳ್ಳಲಾಗದಿದ್ದರೆ ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದ ಕೇಳಬಹುದು. ಹಿರಿಯರನ್ನು ಬಿಟ್ಟುಹೋದರೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅರ್ಜಿ ಕೇಳುವವರು ಸಹಾಯಕ ಆಯುಕ್ತರು. ಆಳಂದ, ಅಫಜಲಪುರ, ಜೇವರ್ಗಿಯವರು ಅದಕ್ಕಾಗಿ ಕಲಬುರಗಿಗೆ ಹೋಗಬೇಕು. ನಡೆಯಲಾರದವರು ಹೇಗೆ ಹೋಗುತ್ತಾರೆ? ಕಾಯ್ದೆಯಲ್ಲೇ ದಾರಿ ಇದೆ: ಅವರು ಅಶಕ್ತರಾಗಿದ್ದರೆ, ಅವರು ಒಪ್ಪಿದ ಬೇರೊಬ್ಬ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕಬಹುದು.

ಇದೇ ಕಾಯ್ದೆಯ 19ನೇ ಸೆಕ್ಷನ್ ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ಜನ ನಿರ್ಗತಿಕ ಹಿರಿಯರಿಗಾಗುವಷ್ಟು ದೊಡ್ಡ ವೃದ್ಧಾಶ್ರಮದ ಮಾತು ಹೇಳುತ್ತದೆ. ಅಲ್ಲಿ ವೈದ್ಯಕೀಯ ಆರೈಕೆ ಹೇಗಿರಬೇಕು, ಮನರಂಜನೆ ಏನಿರಬೇಕು ಎಂಬ ಮಟ್ಟವನ್ನೂ ಸರ್ಕಾರ ಗೊತ್ತುಪಡಿಸಬಹುದು. ಅಂದರೆ ಊಟ, ಹಾಸಿಗೆ ಕೊಟ್ಟರೆ ಮುಗಿಯಿತು ಎಂದು ಕಾನೂನೂ ಹೇಳುವುದಿಲ್ಲ. ಆದರೆ ಗಮನಿಸಿ: ಮಕ್ಕಳು ನೋಡಿಕೊಳ್ಳಲೇಬೇಕು ಎನ್ನುವ ಕಾಯ್ದೆ, ಸರ್ಕಾರದ ವಿಷಯಕ್ಕೆ ಬಂದಾಗ ಆಶ್ರಮ ಸ್ಥಾಪಿಸ'ಬಹುದು' ಎನ್ನುತ್ತದೆ. ಆ 'ಬಹುದು' ಎಂಬುದು 'ಬೇಕು' ಆಗಬೇಕೆಂದು ನಾವು ಕೇಳಬೇಕು.

ನಮ್ಮ ಮನೆಯಲ್ಲಿ ವೃದ್ಧಾಶ್ರಮದ ಮಾತು ತೆಗೆದರೆ ದಾದಿ "ತೌಬಾ, ತೌಬಾ" ಎನ್ನುತ್ತಾರೆ. ಮುದಿ ತಂದೆ ತಾಯಿಯೆದುರು ಬೇಸರದ ಉಸಿರನ್ನೂ ಬಿಡಬಾರದೆಂದು ಕಲಿತು ಬೆಳೆದವರು ನಾವು. ಆ ಮಾತು ನಿಜ, ಅದು ಹಾಗೇ ಇರಲಿ. ಆದರೆ ದುಡಿಮೆಗೆಂದು ಪುಣೆ, ಮುಂಬೈ, ಹೈದರಾಬಾದ್ ಸೇರಿದವರ ಮನೆಗಳು ನಮ್ಮ ಮೂರೂ ತಾಲೂಕಿನಲ್ಲಿವೆ. ಮಕ್ಕಳೇ ಇಲ್ಲದವರೂ ಇದ್ದಾರೆ. ಆಶ್ರಮ ಸೇರುವುದು ನಾಚಿಕೆ ಎಂದು ನಾವು ಹೇಳಿದಷ್ಟೂ ಆ ನಾಚಿಕೆ ಬಿಟ್ಟುಹೋದ ಮಗನಿಗೆ ತಟ್ಟುವುದಿಲ್ಲ, ಒಳಗೆ ಕೂತ ಅಜ್ಜಿಗೆ ತಟ್ಟುತ್ತದೆ. ನಾಚಿಕೆಗೆ ನೆಂಟರು ಹೋಗುವುದಿಲ್ಲ, ಮೊಹಲ್ಲಾದವರು ಹೆಸರೆತ್ತುವುದಿಲ್ಲ. ಯಾರೂ ಹೋಗದ ಕಡೆ ಔಷಧ ಸಿಕ್ಕಿತೇ, ಹಾಸಿಗೆ ಬದಲಾಯಿತೇ, ಯಾರಾದರೂ ಗದರಿದರೇ ಎಂದು ಕೇಳುವವರು ಯಾರು?

ಮನೆಯಲ್ಲಿ ನಾವು 'ಹಕ್' ಎನ್ನುತ್ತೇವೆ, ಕಾಲೇಜಿನಲ್ಲಿ 'ಹಕ್ಕು' ಎನ್ನುತ್ತೇವೆ. ಎರಡೂ ಒಂದೇ ಪದ. ಖೈರಾತು ಬೇರೆ, ಹಕ್ಕು ಬೇರೆ. ನಾವು ವರ್ಷಕ್ಕೊಮ್ಮೆ ಖೈರಾತು ಮಾಡಿ ಬಂದು, ಹಕ್ಕಿನ ಕೆಲಸ ಮಾಡಿದೆವು ಎಂದುಕೊಳ್ಳುತ್ತಿದ್ದೇವೆ.

ಆದ್ದರಿಂದ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ, ಗೆಳತಿಯರಲ್ಲಿ ನನ್ನ ವಿನಂತಿ ಇಷ್ಟೇ. ವರ್ಷಕ್ಕೊಮ್ಮೆ ಇಪ್ಪತ್ತು ಜನ ಹೋಗುವ ಬದಲು ತಿಂಗಳಿಗೊಮ್ಮೆ ನಾಲ್ಕು ಜನ ಹೋಗೋಣ. ಪ್ರತಿ ಸಲವೂ ಅದೇ ನಾಲ್ವರು ಹೋಗಲಿ, ಆಗ ಹೆಸರು ಹಿಡಿದು ಮಾತಾಡುವಷ್ಟು ಪರಿಚಯವಾಗುತ್ತದೆ. ಅವರು ಒಪ್ಪದೆ ಫೋಟೋ ಬೇಡ. ಹಣ್ಣಿನ ಜೊತೆ ಒಂದು ಪೆನ್ನು, ನೋಟ್‌ಬುಕ್ ಇರಲಿ. ಯಾರ ಪಗಾರ ನಿಂತಿದೆ, ಯಾರ ಆಧಾರ್ ಸರಿಯಿಲ್ಲ, ಯಾರಿಗೆ ಕಣ್ಣಿನ ಡಾಕ್ಟರು ಬೇಕು ಎಂದು ಅವರನ್ನೇ ಕೇಳಿ ಬರೆದುಕೊಳ್ಳೋಣ. ದೂರು ಇದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದೆಂದು ಗೋಡೆಗೆ ಕನ್ನಡ, ಉರ್ದು ಎರಡರಲ್ಲೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸೋಣ. ನಮ್ಮ ಓಣಿಯಲ್ಲೇ ಹಾಸಿಗೆ ಹಿಡಿದು ಒಬ್ಬರೇ ಇರುವ ಮುತ್ಯಾ, ಅಜ್ಜಿಯರಿಗೂ ಇದೇ ಕೆಲಸ ಮಾಡೋಣ.

ಆ ಅಜ್ಜಿಯ ಪ್ರಶ್ನೆಗೆ ಉತ್ತರ ಈಗ ನನಗೆ ಗೊತ್ತು. ನಾಡಕಚೇರಿಯಲ್ಲಿ, ಇಲ್ಲದಿದ್ದರೆ ತಹಶೀಲ್ದಾರರ ಕಚೇರಿಯಲ್ಲಿ ಕೇಳಬೇಕು. ಅವರಿಗೆ ಅಲ್ಲಿಗೆ ಹೋಗಲು ಆಗುವುದಿಲ್ಲ. ನಮಗೆ ಆಗುತ್ತದೆ.