ತಂತಿ ಕಡಿದ ಮೇಲಿನ ಊಹಾಪೋಹ

ಊಹಾಪೋಹ ಎಂಬ ಮಾತು ಇಂದಿನ ಕನ್ನಡದಲ್ಲಿ ಬುಡವಿಲ್ಲದ ಸುದ್ದಿ, ಗಾಳಿಮಾತು ಎಂಬ ಅರ್ಥದಲ್ಲಿ ನೆಲೆನಿಂತಿದೆ. ಎಲ್ಲಿಯಾದರೂ ದಾಳಿಯಾಗಿ ದೂರವಾಣಿಯೋ ಅಂತರ್ಜಾಲವೋ ನಿಂತುಹೋದರೆ, ಊಹಾಪೋಹಗಳಿಗೆ ಕಿವಿಗೊಡಬಾರದೆಂಬ ಎಚ್ಚರಿಕೆಯೇ ಅಧಿಕಾರಿಗಳ ಮೊದಲ ಹೇಳಿಕೆಯಾಗಿರುತ್ತದೆ. ಶಾಸ್ತ್ರಗ್ರಂಥಗಳಲ್ಲಿ ಈ ಮಾತಿಗೆ ಇಷ್ಟು ಕೀಳು ದರ್ಜೆ ಇರಲಿಲ್ಲ. ಅದು ಊಹ ಮತ್ತು ಅಪೋಹ ಎಂಬ ಎರಡು ಪದಗಳ ಜೋಡಿ: ಕಂಡದ್ದರ ಆಧಾರದಿಂದ ಕಾಣದ್ದು ಹೀಗಿರಬಹುದೆಂದು ತರ್ಕಿಸುವುದು ಊಹ, ಹಾಗೆ ತರ್ಕಿಸಿದವುಗಳಲ್ಲಿ ನಿಲ್ಲಲಾರದ್ದನ್ನು ತೆಗೆದುಹಾಕುವುದು ಅಪೋಹ. ಕೌಟಿಲ್ಯನ ಅರ್ಥಶಾಸ್ತ್ರವು ರಾಜನಿಗಿರಬೇಕಾದ ಪ್ರಜ್ಞಾಗುಣಗಳನ್ನು ಎಣಿಸುವಾಗ, ಕೇಳುವ ಆಸೆ, ಕೇಳುವಿಕೆ, ಗ್ರಹಿಕೆ, ನೆನಪಿನಲ್ಲಿಡುವಿಕೆಗಳ ಸಾಲಿನಲ್ಲಿಯೇ ಊಹ, ಅಪೋಹಗಳನ್ನೂ ಇಡುತ್ತದೆ. ಜೋಡಿಪದವೇನೋ ಕನ್ನಡದಲ್ಲಿ ಉಳಿಯಿತು, ಅದರ ಎರಡನೆಯ ಅರ್ಧ ಮಾಡಬೇಕಾದ ಕೆಲಸ ಮರೆತುಹೋಯಿತು. ಸಂಪರ್ಕ ಕಡಿದ ಹೊತ್ತಿನಲ್ಲಿ ಜನ ಊಹಿಸುವುದನ್ನು ತಡೆಯಲು ಯಾವ ಸರ್ಕಾರಕ್ಕೂ ಆಗದು, ಅದು ತಡೆಯಬೇಕಾದ ವಿಷಯವೂ ಅಲ್ಲ. ಕೊರತೆಯಿರುವುದು ಅಪೋಹದಲ್ಲಿ, ಮತ್ತು ಆ ಕೊರತೆಗೆ ಜನರಿಗಿಂತ ಹೆಚ್ಚಿನ ಹೊಣೆ ಸುದ್ದಿಯನ್ನು ಕೈಯಲ್ಲಿಟ್ಟುಕೊಂಡವರದು.

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಂಥ ಹೋಬಳಿ ಕೇಂದ್ರದಲ್ಲಿ ಸಂಪರ್ಕ ಕಡಿಯುವುದೆಂದರೆ ಏನೆಂಬುದನ್ನು ಇಲ್ಲಿ ಗಮನಿಸಬೇಕು. ನಾಡಕಚೇರಿಗೆ ಜಾತಿ, ಆದಾಯ ಪ್ರಮಾಣಪತ್ರ ಕೇಳಿಕೊಂಡು ಬಂದವರು ಬಾಗಿಲಲ್ಲೇ ನಿಲ್ಲುತ್ತಾರೆ. ನ್ಯಾಯಬೆಲೆ ಅಂಗಡಿಯ ಯಂತ್ರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಕೂಲಿಯ ಹಣ ಖಾತೆಗೆ ಬಂದಿದೆಯೋ ಇಲ್ಲವೋ ತಿಳಿಯುವುದಿಲ್ಲ. ಇವೆಲ್ಲಕ್ಕೂ ಸಿಗುವ ವಿವರಣೆ ‘ಸರ್ವರ್ ಇಲ್ಲ’ ಎಂಬ ಎರಡೇ ಪದ. ಕೇಬಲ್ ತುಂಡಾಗಿದ್ದರೂ ಅದೇ ಮಾತು, ಕರೆಂಟು ಹೋಗಿದ್ದರೂ ಅದೇ ಮಾತು, ಯಾರಾದರೂ ಬೇಕೆಂದೇ ನಿಲ್ಲಿಸಿದ್ದರೂ ಅದೇ ಮಾತು. ಏನನ್ನೂ ವಿವರಿಸದ ಇಂಥ ವಿವರಣೆಯ ಪಕ್ಕದಲ್ಲಿಯೇ ಗುಲ್ಲು ಹುಟ್ಟುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವದಂತಿಯ ಬಲವೆಂದರೆ ಆ ವಿಷಯ ಕೇಳುವವನಿಗೆ ಎಷ್ಟು ಮುಖ್ಯ ಎಂಬುದನ್ನು ಅದು ಎಷ್ಟು ಅಸ್ಪಷ್ಟ ಎಂಬುದರಿಂದ ಗುಣಿಸಿದಾಗ ಬರುವ ಲಬ್ಧವೆಂದು ಸೂತ್ರೀಕರಿಸಿದರು. ಇದು ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕವಾದ್ದರಿಂದ, ಅಸ್ಪಷ್ಟತೆ ಸೊನ್ನೆಯಾದರೆ ವಿಷಯ ಎಷ್ಟೇ ದೊಡ್ಡದಾಗಿದ್ದರೂ ವದಂತಿ ಸೊನ್ನೆಗಿಳಿಯುತ್ತದೆ. ಅವರಿಗಿಂತ ಮೊದಲೇ ಭಾರತದ ವಿದ್ವಾಂಸ ಜಮುನಾ ಪ್ರಸಾದ್, 1934ರ ಜನವರಿ 15ರ ಬಿಹಾರ ಭೂಕಂಪದ ನಂತರ ಹಬ್ಬಿದ ವದಂತಿಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿದ್ದರು. ನಡುಕ ಅನುಭವಿಸಿಯೂ ಮನೆ ಕಳೆದುಕೊಳ್ಳದ ಊರುಗಳಲ್ಲಿ, ಇದಕ್ಕಿಂತ ಘೋರವಾದದ್ದು ಇನ್ನು ಬರಲಿದೆ ಎಂಬ ಮಾತು ಹರಡಿದ್ದು ಅವರ ಸಂಗ್ರಹದಿಂದ ತಿಳಿಯುತ್ತದೆ. ಎದೆಯಲ್ಲಿ ಉಳಿದ ಭಯಕ್ಕೆ ತಕ್ಕ ಕಾರಣವನ್ನು ಜನ ಹೊರಗೆ ಹುಡುಕಿಕೊಳ್ಳುತ್ತಾರೆಂದು ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಗರ್ ಮುಂದೆ ಅದನ್ನು ವ್ಯಾಖ್ಯಾನಿಸಿದರು.

ಕನ್ನಡನಾಡಿನಲ್ಲಿ ಸಂಪರ್ಕ ವ್ಯವಸ್ಥೆಯ ಮೇಲೆ ನಡೆದ ಅತಿ ವ್ಯಾಪಕ ದಾಳಿಯೆಂದರೆ 1942ರ ಕ್ವಿಟ್ ಇಂಡಿಯಾ ಚಳವಳಿಯ ಕಾಲದ್ದು. ಇತಿಹಾಸಕಾರ ಬಿಪನ್ ಚಂದ್ರ ಮತ್ತು ಸಂಗಡಿಗರು ಕೊಡುವ ಲೆಕ್ಕದಂತೆ ಕರ್ನಾಟಕದಲ್ಲಿ ತಂತಿ ಕಡಿದ ಪ್ರಕರಣಗಳೇ 1600. ದಾಳಿಗೊಳಗಾದ ರೈಲು ನಿಲ್ದಾಣಗಳು 26, ಅಂಚೆ ಕಚೇರಿಗಳು 32. ಆಗಸ್ಟ್ 9ರ ಬೆಳಗಿನ ಜಾವ ಗಾಂಧೀಜಿ ಮತ್ತು ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಸದಸ್ಯರ ಬಂಧನವಾದ ಮೇಲೆ, ಮುಂದೇನು ಮಾಡಬೇಕೆಂದು ಹೇಳುವವರೇ ಹೊರಗೆ ಉಳಿದಿರಲಿಲ್ಲ. ಧಾರವಾಡ, ಬೆಳಗಾವಿ ಭಾಗಗಳ ತರುಣರು ಗುಂಪುಗಳನ್ನು ಕಟ್ಟಿಕೊಂಡು, ವ್ಯಕ್ತಿಗಳಿಗೆ ಅಪಾಯವಾಗದಂತೆ ಸರ್ಕಾರದ ಸಂಪರ್ಕ ಮತ್ತು ಕಂದಾಯ ವ್ಯವಸ್ಥೆಯನ್ನು ಕೆಡಿಸುವ ದಾರಿ ಹಿಡಿದರು. ಅಂಥದೊಂದು ಗುಂಪಿನ ಮುಂದಾಳು, ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದಿದ್ದ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ತಂತಿ ಕಡಿಯುವುದು ಅಹಿಂಸೆಯೊಳಗೆ ಸೇರುತ್ತದೆಯೇ ಎಂಬ ಪ್ರಶ್ನೆಗೆ ಗಾಂಧೀಜಿಯವರ ಸಹವರ್ತಿ ಕಿಶೋರಲಾಲ್ ಮಶ್ರೂವಾಲಾ ‘ಹರಿಜನ’ ಪತ್ರಿಕೆಯಲ್ಲಿ, ಪ್ರಾಣಹಾನಿಯಾಗದಿದ್ದರೆ ಸೇರಬಹುದೆಂಬ ಅಭಿಪ್ರಾಯ ಕೊಟ್ಟರು. ಗಾಂಧೀಜಿ ಅದನ್ನು ಒಪ್ಪಲಿಲ್ಲ. ಆ ಕಾಲದಲ್ಲಿ ಮನೆಗೆ ತಂತಿ ಬಂತೆಂದರೆ ಒಡೆದು ಓದುವ ಮೊದಲೇ ಎದೆ ನಡುಗುತ್ತಿತ್ತು. ಪೊಲೀಸರ ಆದೇಶ ಹೋಗುವ ತಂತಿಯ ಮೇಲೆಯೇ ಸಾವಿನ ಸುದ್ದಿಯೂ ಹೋಗುತ್ತಿದ್ದುದರಿಂದ, ಮಶ್ರೂವಾಲಾರ ಉತ್ತರ ಪೂರ್ತಿ ಸಮಾಧಾನ ಕೊಡುವಂಥದ್ದಲ್ಲ.

ಚಾಮರಾಜನಗರ ಆಗ ಮೈಸೂರು ಸಂಸ್ಥಾನದ ದಕ್ಷಿಣದಂಚು. ಪಕ್ಕದ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ವರೆಗೂ ಹಾಗೆಯೇ ಇತ್ತು. ಮೈಸೂರಿನ ಅಂಚೆ 1889ರಲ್ಲೇ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ಲೀನವಾಗಿತ್ತು. ಆಳುವವರು ಇಬ್ಬರಾದರೂ ಸುದ್ದಿಯ ದಾರಿ ಒಂದೇ ಆಗಿತ್ತು. ಆ ದಾರಿ ಮುಚ್ಚಿದಾಗ ಕತ್ತಲು ಎರಡೂ ಕಡೆಗೆ ಸಮನಾಗಿ ಬೀಳುತ್ತಿತ್ತು.

ಆ ಕತ್ತಲಲ್ಲಿ ಊಹಿಸಿದವರು ಹಳ್ಳಿಗರು ಮಾತ್ರವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಾರ್ಯಕಾರಿ ಸಮಿತಿಯವರನ್ನು ಅಹ್ಮದ್‌ನಗರದ ಕೋಟೆಯಲ್ಲಿ ಇಟ್ಟಿದ್ದರೂ ಸರ್ಕಾರ ಆ ಸ್ಥಳವನ್ನು ಗುಟ್ಟಾಗಿರಿಸಿತ್ತು. ಅವರನ್ನು ಹಡಗು ಹತ್ತಿಸಿ ಸಮುದ್ರದಾಚೆ ಸಾಗಿಸಿದ್ದಾರೆಂದು ಆ ದಿನಗಳಲ್ಲಿ ಯಾರಾದರೂ ಶಂಕಿಸಿದ್ದರೆ ಅದನ್ನು ಮರುಳು ಎನ್ನಲಾಗದು, ಏಕೆಂದರೆ ನಾಯಕರನ್ನು ದೇಶದಿಂದ ಹೊರಕ್ಕೆ ಕಳುಹಿಸುವ ಆಲೋಚನೆ ಲಂಡನ್ನಿನ ಯುದ್ಧಕಾಲದ ಮಂತ್ರಿಮಂಡಲದಲ್ಲಿ ನಿಜವಾಗಿಯೂ ನಡೆದಿತ್ತು. ಇನ್ನೊಂದು ಕಡೆ, ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ 1942ರ ಸೆಪ್ಟೆಂಬರ್ 10ರಂದು ಸಂಸತ್ತಿನಲ್ಲಿ, ಈ ಕೃತ್ಯಗಳಿಗೆ ಜಪಾನಿನ ಐದನೇ ಪಡೆಯ, ಅಂದರೆ ಒಳಗಿದ್ದುಕೊಂಡೇ ಶತ್ರುವಿಗೆ ದುಡಿಯುವ ಗುಪ್ತಚರರ, ನೆರವು ಸಿಕ್ಕಿರಬಹುದು ಎಂದರು. ‘ಇರಬಹುದು’ ಎಂಬ ಆ ಮಾತಿಗೆ ಆಧಾರವನ್ನೇನೂ ಅವರು ಮುಂದಿಡಲಿಲ್ಲ. ಮುಖ್ಯವಾದ ಕೆಲವು ಆಯಕಟ್ಟಿನ ಜಾಗಗಳಲ್ಲಿಯೇ ತಂತಿ ಕಡಿದದ್ದು ಅವರ ಕಣ್ಣಿಗೆ ಪಳಗಿದ ಕೈಗಳ ಗುರುತಾಗಿ ಕಂಡಿತು. ಊರ ಪಕ್ಕದ ಕಂಬ ಯಾವುದು, ಪೊಲೀಸು ಯಾವ ಹೊತ್ತಿಗೆ ಬರುತ್ತಾನೆ ಎಂಬ ತಿಳಿವಳಿಕೆಗೆ ಜಪಾನಿನ ತರಬೇತಿ ಬೇಕಿಲ್ಲ ಎಂಬುದು ಅವರ ಎಣಿಕೆಗೆ ಬರಲಿಲ್ಲ. ತನ್ನ ಪ್ರಜೆಗಳೇ ತನ್ನ ವಿರುದ್ಧ ಇಷ್ಟು ದೂರ ಹೋಗಬಲ್ಲರೆಂದು ಒಪ್ಪಿಕೊಳ್ಳಲಾರದ ಪ್ರಭುತ್ವಕ್ಕೆ ಹೊರಗಿನ ಶತ್ರುವೊಬ್ಬ ಬೇಕಾಗುತ್ತಾನೆ. ಹಳ್ಳಿಯ ವದಂತಿಗಿಂತ ಪ್ರಭುತ್ವದ ಇಂಥ ಊಹೆ ಅಪಾಯಕಾರಿ, ಏಕೆಂದರೆ ಅದರ ಹಿಂದೆ ಸೈನ್ಯ, ಸೆರೆಮನೆ ಎರಡೂ ಇರುತ್ತವೆ.

ಹಾಗಾದರೆ ಅಪೋಹ ಎಲ್ಲಿ ನಡೆಯುತ್ತಿತ್ತು? ತಂತಿ ಕಚೇರಿಯ ಮೇಜಿನ ಮೇಲೆ. ಅಂದಿನ ತಂತಿ ವ್ಯವಸ್ಥೆಯಲ್ಲಿ ಕಂಬದ ಮೇಲಿನ ಪಿಂಗಾಣಿ ಬಟ್ಟಲಿಗೆ ಬಿಗಿದ ಒಂಟಿ ಕಬ್ಬಿಣದ ತಂತಿಯಲ್ಲಿ ವಿದ್ಯುತ್ತು ಹೋಗಿ, ಹಿಂದಿರುಗುವ ಹಾದಿಯನ್ನು ನೆಲವೇ ಒದಗಿಸುತ್ತಿತ್ತು. ಆದ್ದರಿಂದ ಒಂದೇ ಕಡೆ ಕಡಿದರೂ ಅದರಾಚೆಗೆ ಸಾಲು ಮೂಕವಾಗುತ್ತಿತ್ತು. ಮೂಕವಾದ ಕೂಡಲೇ ತಂತಿ ನೌಕರ ಹತ್ತಿರದ ಕಚೇರಿಯನ್ನು ಕರೆಯುತ್ತಿದ್ದ. ಉತ್ತರ ಬಂದರೆ ಅಲ್ಲಿಯವರೆಗೆ ತಂತಿ ಸರಿಯಿದೆ ಎಂದು ಅಷ್ಟನ್ನು ಬಿಟ್ಟು, ಅದರಾಚೆಯದನ್ನು, ಮತ್ತೂ ಆಚೆಯದನ್ನು ಕರೆಯುತ್ತಿದ್ದ. ಉತ್ತರ ಕೊಟ್ಟ ಕೊನೆಯ ಕಚೇರಿಗೂ ಮೌನವಾದ ಮೊದಲ ಕಚೇರಿಗೂ ನಡುವಿನದು ಕಡಿದ ಜಾಗ. ಅಲ್ಲಿಗೆ ಲೈನ್‌ಮನ್ ಹೊರಡುತ್ತಿದ್ದ, ಕಂಬದಿಂದ ಕಂಬಕ್ಕೆ ಕಣ್ಣು ಮೇಲಿಟ್ಟು ನಡೆಯುತ್ತ. ಇಲ್ಲಿಲ್ಲ, ಇಲ್ಲಿಯೂ ಇಲ್ಲ ಎಂದು ಒಂದೊಂದನ್ನೇ ತಳ್ಳಿಹಾಕುತ್ತ ಹೋಗುವ ಈ ನಡಿಗೆಗಿಂತ ಶುದ್ಧವಾದ ಅಪೋಹ ಯಾವ ತರ್ಕಗ್ರಂಥದಲ್ಲಿಯೂ ಸಿಗಲಾರದು. ಆದರೆ ಲೈನ್‌ಮನ್ನಿನ ವರದಿ ಇಲಾಖೆಯ ಕಡತಕ್ಕೆ ಸೇರುತ್ತಿತ್ತೇ ಹೊರತು ತಂತಿಯಿಲ್ಲದೆ ಕಂಗೆಟ್ಟ ಊರಿಗೆ ಮುಟ್ಟುತ್ತಿರಲಿಲ್ಲ.

ಚಂದಕವಾಡಿಯ ಸೀಮೆಯಲ್ಲಿ ಸುದ್ದಿಯ ಬರ ಅತ್ಯಂತ ತೀವ್ರವಾಗಿ ತಟ್ಟಿದ್ದು ಅದಾದ ಅರ್ಧ ಶತಮಾನದ ಮೇಲೆ, 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ದೊಡ್ಡಗಾಜನೂರಿನ ತೋಟದ ಮನೆಯಿಂದ ನಟ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ. ಗಾಜನೂರು ತಮಿಳುನಾಡಿನ ತಾಳವಾಡಿ ಭಾಗಕ್ಕೆ ಸೇರಿದ, ಕನ್ನಡವನ್ನೇ ಆಡುವ ಹಳ್ಳಿ. ಅಲ್ಲಿ ಯಾರೂ ತಂತಿ ಕಡಿಯಲಿಲ್ಲ. ಕಾಡಿನೊಳಗೆ ಕಡಿಯಲು ತಂತಿಯೇ ಇರಲಿಲ್ಲ. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ತಲುಪಿಸಬೇಕೆಂದು ರಾಜ್‌ಕುಮಾರ್ ಪತ್ನಿ ಪಾರ್ವತಮ್ಮನವರ ಕೈಗೆ ಕೊಟ್ಟ ಧ್ವನಿಸುರುಳಿಯೊಂದೇ ಆಧಾರ. ಮುಂದೆಯೂ ಸಂಧಾನಕಾರರಾಗಿ ಹೋದ ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಗೋಪಾಲ್ ಮೊದಲಾದವರ ಮೂಲಕ ಬಂದದ್ದೇ ಸುದ್ದಿ. ಕ್ಯಾಸೆಟ್ಟಿನ ಸ್ವಭಾವವೇ ಬೇರೆ: ಧ್ವನಿ ಮುದ್ರಿಸಿದ ಗಳಿಗೆಯಲ್ಲಿ ಆ ವ್ಯಕ್ತಿ ಕ್ಷೇಮವಾಗಿದ್ದರೆಂಬುದನ್ನು ಅದು ಹೇಳೀತು, ಅದನ್ನು ಕೇಳುತ್ತಿರುವ ಗಳಿಗೆಯಲ್ಲಿ ಹೇಗಿದ್ದಾರೆಂಬುದನ್ನು ಹೇಳಲಾರದು, ನಡುವಿನ ದಿನಗಳನ್ನು ಕೇಳುವವನೇ ತುಂಬಿಕೊಳ್ಳಬೇಕು. ಹೀಗೆ 108 ದಿನ ತುಂಬಿಕೊಂಡದ್ದು ಎರಡು ಬಗೆಯ ಊಹೆಗಳಿಂದ. ಚಾಮರಾಜನಗರ, ಕೊಳ್ಳೇಗಾಲದ ಜನರಿಗೆ ಆ ಕಾಡು ಸೌದೆಗೂ ಜೇನಿಗೂ ದನ ಮೇಯಿಸಲಿಕ್ಕೂ ಹೊಕ್ಕ ಜಾಗವಾದ್ದರಿಂದ, ಯಾವ ಹಳ್ಳದ ಬದಿಯಲ್ಲಿ ನೀರಿದೆ, ವಯಸ್ಸಾದವರನ್ನು ಎಷ್ಟು ದೂರ ನಡೆಸಲಾದೀತು ಎಂಬಂಥ ತೂಕದ ವಿಚಾರ ಮಾಡಬಲ್ಲವರು ಅವರಾಗಿದ್ದರು. ಬೆಂಗಳೂರಿನ ಊಹೆ ಮಾತ್ರ ಬಹುಬೇಗ ಕನ್ನಡ–ತಮಿಳು ಎಂಬ ಬಿರುಕಿನ ಕಡೆಗೆ ವಾಲಿತು. 1991ರ ಡಿಸೆಂಬರಿನ ಕಾವೇರಿ ಗಲಭೆಯ ನೆನಪು ಇನ್ನೂ ಹಸಿಯಾಗಿತ್ತು. ಅಪಹರಣ ನಡೆದ ಊರೇ ತಮಿಳುನಾಡಿನೊಳಗಿನ ಕನ್ನಡದ ಊರು ಎಂಬ ಒಂದು ಸಂಗತಿಯನ್ನು ನೆನೆದಿದ್ದರೂ ಆ ಬಿರುಕಿನ ಲೆಕ್ಕ ನಿಲ್ಲುತ್ತಿರಲಿಲ್ಲ. ನವೆಂಬರ್ 15ರಂದು ಬಿಡುಗಡೆಯಾಗುವವರೆಗೆ ಗಡಿಯೂರುಗಳ ಜನ ಉಸಿರು ಬಿಗಿಹಿಡಿದೇ ಇದ್ದರು.

ಸಂಪರ್ಕ ಸುಸ್ಥಿತಿಯಲ್ಲಿದ್ದಾಗಲೂ ವದಂತಿ ಹಬ್ಬುತ್ತದೆಂಬುದಕ್ಕೆ 2012ರ ಆಗಸ್ಟ್ ಸಾಕ್ಷಿ: ಮೊಬೈಲ್ ಸಂದೇಶಗಳಿಂದ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸದಂತೆ ಕೇಂದ್ರ ಸರ್ಕಾರ ಮಿತಿ ಹಾಕಿತು. ಸುಳ್ಳಿನ ದಾರಿಯನ್ನು ಕಿರಿದು ಮಾಡಿದಾಗ, ಇಲ್ಲಿ ಏನೂ ಆಗಿಲ್ಲ ಎಂದು ಮನೆಗೆ ತಿಳಿಸುವ ದಾರಿಯೂ ಅಷ್ಟೇ ಕಿರಿದಾಯಿತು.

ದಾಳಿಗೂ ಅದರ ಫಲಕ್ಕೂ ನಡುವಿನ ಕೊಂಡಿ ಎಷ್ಟು ವಕ್ರವಾಗಿರಬಹುದೆಂಬುದನ್ನು 2024ರ ಕೆಂಪು ಸಮುದ್ರದ ಘಟನೆ ತೋರಿಸುತ್ತದೆ. ಏಷ್ಯಾ, ಯುರೋಪುಗಳ ನಡುವೆ ಸಮುದ್ರದ ತಳದಲ್ಲಿ ಹಾಸಿದ ಮೂರು ಕೇಬಲ್‌ಗಳು ಫೆಬ್ರುವರಿಯ ಕೊನೆಯಲ್ಲಿ ತುಂಡಾದಾಗ, ಯೆಮೆನ್ನಿನ ಹೂತಿ ಬಂಡುಕೋರರೇ ಕತ್ತರಿಸಿದರೆಂಬ ಮಾತು ಲೋಕವೆಲ್ಲ ಹಬ್ಬಿತು, ಅವರು ಅಲ್ಲಗಳೆದರು. ನಡೆದದ್ದು ಬೇರೆಯಾಗಿತ್ತೆಂದು ಕಾಣುತ್ತದೆ. ಸುಮಾರು 21,000 ಟನ್ ಗೊಬ್ಬರ ಹೊತ್ತಿದ್ದ ‘ರೂಬಿಮಾರ್’ ಎಂಬ ಹಡಗಿಗೆ ಫೆಬ್ರುವರಿ 18ರಂದು ಹೂತಿಗಳ ಕ್ಷಿಪಣಿ ಬಡಿಯಿತು. ನಾವಿಕರು ಲಂಗರು ಇಳಿಸಿ ಹಡಗನ್ನು ತೊರೆದರು. ಆಳಿಲ್ಲದ ಹಡಗು ಆ ಲಂಗರನ್ನು ತಳದಲ್ಲಿ ಎಳೆಯುತ್ತ ದಿನಗಟ್ಟಲೆ ತೇಲಿ, ಮಾರ್ಚ್ 2ರಂದು ಮುಳುಗಿತು. ಕೇಬಲ್ ಹರಿದದ್ದು ಆ ಲಂಗರಿನಿಂದಲೇ ಇರಬೇಕೆಂಬುದು ತಜ್ಞರ ತೀರ್ಮಾನ. ದಾಳಿ ಎಂದವರ ಮಾತೂ ಅರ್ಧ ಸರಿ, ಆಕಸ್ಮಿಕ ಎಂದವರ ಮಾತೂ ಅರ್ಧ ಸರಿ. ಎರಡನ್ನೂ ಸೋಸಿ ಇಷ್ಟು ಹೇಳಲು ಹಡಗಿನ ಜಾಡನ್ನೂ ಕೇಬಲ್ ಕಡಿದ ಹೊತ್ತನ್ನೂ ಒಟ್ಟಿಗಿಟ್ಟು ನೋಡಬೇಕಾಯಿತು, ಅದಕ್ಕೆ ದಿನಗಳು ಹಿಡಿದವು. ಮೊದಲ ಗಂಟೆಯಲ್ಲೇ ತೀರ್ಪು ಬೇಡುವವರಿಗೆ ಈ ತಾಳ್ಮೆ ಇರುವುದಿಲ್ಲ, ಮೊದಲ ದಿನ ಬಾಯಿಬಿಡದ ಕಚೇರಿಗಳಿಗೆ ಜನರ ತಾಳ್ಮೆಯನ್ನು ಬೇಡುವ ಹಕ್ಕೂ ಇರುವುದಿಲ್ಲ. ಎಷ್ಟು ಗಂಟೆಗೆ ನಿಂತಿತು, ಎಲ್ಲಿಂದ ಎಲ್ಲಿಯವರೆಗೆ ಸರಿಯಿದೆ, ಯಾರು ನೋಡಲು ಹೋಗಿದ್ದಾರೆ, ಮುಂದಿನ ಮಾತು ಯಾವಾಗ ಎಂಬ ನಾಲ್ಕು ಸಾಲನ್ನು ನಾಡಕಚೇರಿಯ ಬಾಗಿಲಿಗೆ ಅಂಟಿಸಲು ಯಾವ ತನಿಖೆಯೂ ಮುಗಿಯಬೇಕಾಗಿಲ್ಲ.

ಇಂದಿನ ಲೈನ್‌ಮನ್ ಕಂಬ ನೋಡುತ್ತ ನಡೆಯುವುದಿಲ್ಲ. ನೆಲದಡಿಯ ಗಾಜಿನ ಎಳೆಯ, ಅಂದರೆ ಆಪ್ಟಿಕಲ್ ಫೈಬರ್‌ನ, ಒಂದು ತುದಿಗೆ ಉಪಕರಣವೊಂದನ್ನು ಜೋಡಿಸಿ ಬೆಳಕಿನ ಮಿಡಿತವನ್ನು ಒಳಗೆ ಬಿಡುತ್ತಾನೆ. ತುಂಡಾದ ಜಾಗದಿಂದ ಬೆಳಕು ಮರಳುವ ಹೊತ್ತನ್ನು ಅದು ಅಳೆಯುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಆದ್ದರಿಂದ, ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 120 ಪಾಲು ಕಳೆದು ಮರಳಿದರೆ ತುಂಡಾದದ್ದು 12 ಕಿಲೋಮೀಟರ್ ಆಚೆ. ಆ ಅಳತೆ ಎಳೆಯ ಉದ್ದದ್ದು, ರಸ್ತೆಯದಲ್ಲ; ದುರಸ್ತಿಗೆಂದು ಅಲ್ಲಲ್ಲಿ ಗುಂಡಿಗಳಲ್ಲಿ ಸುರುಳಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ಲನ್ನು ಕಳೆದು, ಅಂದಾಜಿನ ಜಾಗದಲ್ಲಿ ಅಗೆದೇ ನೋಡಬೇಕು. ಮಣ್ಣು ಸರಿಸಿದಾಗ ಸಿಗುವ ತುದಿ ಬಹಳಷ್ಟನ್ನು ಹೇಳುತ್ತದೆ: ಜೆಸಿಬಿಯ ಹಲ್ಲಿಗೆ ಸಿಕ್ಕಿದ್ದರೆ ಕವಚ ಜಗ್ಗಿ ನಾರುನಾರಾಗಿ ಹರಿದಿರುತ್ತದೆ, ಹೆಗ್ಗಣ ಕಡಿದಿದ್ದರೆ ಸಣ್ಣ ಸಣ್ಣ ಕಚ್ಚುಗಳಿರುತ್ತವೆ, ತಾಮ್ರ ಸಿಕ್ಕೀತೆಂದು ಗರಗಸ ಹಾಕಿ, ಒಳಗೆ ಗಾಜು ಕಂಡು ಬಿಟ್ಟುಹೋಗಿದ್ದರೆ ಅಂಚು ನೇರವಾಗಿ, ನುಣುಪಾಗಿ ಇರುತ್ತದೆ. ಆ ಅಂಚನ್ನು ಹೊರಳಿಸಿ ನೋಡಿದವನು ಕೈ ತೊಳೆದು ಟೀ ಅಂಗಡಿಗೆ ಬಂದು ಕೂತಾಗಲೇ, ಬೆಳಗಿನಿಂದ ‘ಸರ್ವರ್ ಇಲ್ಲ’ ಎಂದಷ್ಟೇ ಕೇಳಿದ ಊರಿಗೆ ನಡೆದದ್ದೇನೆಂದು ತಿಳಿಯುವುದು.